ಕೊಡುವವನ ಘನತೆ: ಬಿಷಪ್ ಅಜರಯ್ಯನವರ ಬದುಕು ಮತ್ತು ಸಭಾಸೇವೆ



ದಕ್ಷಿಣ ಭಾರತದ ಧಾರ್ಮಿಕ ಕ್ಷೇತ್ರದಲ್ಲಿ ದುಡಿದ ಒಬ್ಬ ಹಿರಿಯರ ಬಗ್ಗೆ ಮಾತನಾಡಬೇಕೆಂದು ಈ ದತ್ತಿ ಉಪನ್ಯಾಸದ ಸಂಚಾಲಕರು ಕೇಳಿದಾಗ ನಾನು ಆರಿಸಿಕೊಂಡ ಹೆಸರು ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ. 1912ರಲ್ಲಿ ಆಂಗ್ಲಿಕನ್ ಸಭೆಯ, ಅಂದರೆ ಚರ್ಚಿನ, ಬಿಷಪ್ ಆದ ಮೊದಲ ಭಾರತೀಯರು ಇವರು. ಸಭಾ ಚರಿತ್ರೆಯ ಪುಸ್ತಕಗಳಲ್ಲಿ ಈ ಒಂದು ವಾಕ್ಯವನ್ನು ಎಲ್ಲರೂ ಓದಿರುತ್ತಾರೆ. ಬಹಳಷ್ಟು ಸಲ ಅವರ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ. ಆದರೆ ಆ ಪದವಿಯಲ್ಲಿ ಕೂತು ಅವರು 32 ವರ್ಷ ಏನು ಮಾಡಿದರು ಎಂಬುದು ಅವರು ಮೊದಲಿಗರು ಎಂಬುದಕ್ಕಿಂತ ದೊಡ್ಡ ವಿಷಯ.

ಅಜರಯ್ಯನವರ ಬದುಕಿನ ಉದ್ದಕ್ಕೂ ಒಂದು ನಂಬಿಕೆ ಹರಿದಿದೆ. ಸದಾ ಪಡೆಯುವವನಾಗಿಯೇ ಉಳಿದ ಮನುಷ್ಯನಿಗೆ ಸಮಾನತೆ ಸಿಗುವುದಿಲ್ಲ. ಎಷ್ಟೇ ಬಡವನಾಗಿರಲಿ, ಕೊಡುವವನಾದಾಗಲೇ ಅವನು ತಲೆಯೆತ್ತಿ ನಿಲ್ಲುತ್ತಾನೆ. ಯುರೋಪಿನ ಮಿಷನರಿಗಳ ಎದುರು ಅವರು ಆಡಿದ ಮಾತಿಗೂ, ತೆಲುಗು ನಾಡಿನ ಹಳ್ಳಿಯ ದಲಿತ ಕೂಲಿಕಾರರಿಂದ ಅವರು ಕೇಳಿದ ಕಾಣಿಕೆಗೂ, ಗಾಂಧೀಜಿಯವರೊಂದಿಗಿನ ಅವರ ಭಿನ್ನಾಭಿಪ್ರಾಯಕ್ಕೂ ಮೂಲ ಇದೇ ನಂಬಿಕೆ. ಅದನ್ನು ನಿಮ್ಮ ಮುಂದಿಡುವುದು ಈ ಉಪನ್ಯಾಸದ ಉದ್ದೇಶ.

ತಿರುನೆಲ್ವೇಲಿಯಿಂದ

ಅಜರಯ್ಯನವರು ಹುಟ್ಟಿದ್ದು 1874ರ ಆಗಸ್ಟ್ 17ರಂದು, ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ. ತಂದೆ ಥಾಮಸ್ ವೇದನಾಯಗಂ ಆ ಊರಿನ ಆಂಗ್ಲಿಕನ್ ಸಭೆಯ ಪಾದ್ರಿ. ಕುಟುಂಬ ನಾಡಾರ್ ಸಮುದಾಯಕ್ಕೆ ಸೇರಿದ್ದು. ತಾಳೆ ಮರ ಹತ್ತಿ ಬದುಕುತ್ತಿದ್ದ, ದೇವಸ್ಥಾನಗಳ ಒಳಗೆ ಕಾಲಿಡಲು ಬಿಡದಿದ್ದ ಆ ಜನ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ಸಂಖ್ಯೆಯಲ್ಲಿ ಕ್ರೈಸ್ತರಾಗಿದ್ದರು. ಶಾಲೆ, ಓದು, ಸಂಘಟನೆಗಳ ಬಲದಿಂದ ಒಂದೆರಡು ತಲೆಮಾರಿನಲ್ಲೇ ಅವರ ಸ್ಥಿತಿ ಬದಲಾಯಿತು. ಆ ಬದಲಾವಣೆಯನ್ನು ಅಜರಯ್ಯ ತಮ್ಮ ಮನೆಯಲ್ಲೇ ಕಂಡು ಬೆಳೆದವರು.

ಓದಿಗಾಗಿ ಅವರು ಮದರಾಸ್ ಕ್ರಿಶ್ಚಿಯನ್ ಕಾಲೇಜಿಗೆ ಬಂದರು, ಪದವಿ ಮಾತ್ರ ಪಡೆಯಲಿಲ್ಲ. 1895ರಲ್ಲಿ ವೈಎಂಸಿಎ ಕಾರ್ಯದರ್ಶಿಯಾಗಿ ದಕ್ಷಿಣ ಭಾರತದ ಊರೂರು ತಿರುಗುವ ಕೆಲಸ ಹಿಡಿದರು. ಅಮೆರಿಕದ ಶೆರ್‌ವುಡ್ ಎಡ್ಡಿ ಅವರಿಗೆ ಜತೆಗಾರರಾಗಿ ಸಿಕ್ಕಿದ್ದು ಆ ದಿನಗಳಲ್ಲೇ. ಆ ಗೆಳೆತನ ಕೊನೆಯವರೆಗೆ ಉಳಿಯಿತು. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರೊಂದಿಗೆ ಮದುವೆಯಾಯಿತು. ದಕ್ಷಿಣ ಭಾರತದ ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಆಕೆಯೂ ಒಬ್ಬರು.

1902ರಲ್ಲಿ ಅಜರಯ್ಯ ಸಿಲೋನಿನ ಜಾಫ್ನಾಕ್ಕೆ ಹೋದರು. ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣ ಕೂಡಿಸಿ, ತಮ್ಮದೇ ಜನರನ್ನು ಬೇರೆ ಕಡೆಗೆ ಸುವಾರ್ತಾ ಕೆಲಸಕ್ಕೆ ಕಳಿಸುತ್ತಿದ್ದರು. ಜಾಫ್ನಾದವರಿಗೆ ಸಾಧ್ಯವಾಗಿದ್ದು ತಮ್ಮ ತಿರುನೆಲ್ವೇಲಿಗೆ ಯಾಕೆ ಸಾಧ್ಯವಾಗಿಲ್ಲ ಎಂಬ ಪ್ರಶ್ನೆ ಅವರನ್ನು ಬಿಡದೆ ಕಾಡಿತು. ಇಂಗ್ಲೆಂಡಿನ ಜನರ ಕಾಣಿಕೆಯಿಂದ ಬೆಳೆದ ಸಭೆ ಅದು. ಸಂಬಳ, ಕಟ್ಟಡ, ಪುಸ್ತಕ ಎಲ್ಲವೂ ಹೊರಗಿನಿಂದ ಬರುತ್ತಿತ್ತು. 1903ರ ಫೆಬ್ರುವರಿಯಲ್ಲಿ ಅವರು ಗೆಳೆಯರೊಂದಿಗೆ ತಿರುನೆಲ್ವೇಲಿಯ ಇಂಡಿಯನ್ ಮಿಷನರಿ ಸೊಸೈಟಿ ಕಟ್ಟಿದರು. ಹೊರದೇಶದ ಒಂದು ಕಾಸನ್ನೂ ಮುಟ್ಟಬಾರದು ಎಂಬುದು ಅದರ ನಿಯಮ. 1905ರ ಕ್ರಿಸ್‌ಮಸ್ ದಿನ ಬಂಗಾಳದ ಸೆರಾಂಪುರದಲ್ಲಿ ನ್ಯಾಷನಲ್ ಮಿಷನರಿ ಸೊಸೈಟಿ ಹುಟ್ಟಿತು. ಅದೂ ಭಾರತೀಯರ ಹಣ, ಭಾರತೀಯರ ಆಡಳಿತ, ಭಾರತೀಯರ ದುಡಿಮೆ ಎಂಬ ತಳಹದಿಯ ಮೇಲೆಯೇ. ಬಂಗಾಳದಲ್ಲಿ ಸ್ವದೇಶಿ ಚಳವಳಿ ಎದ್ದ ವರ್ಷವೇ ಅದು ಎಂಬುದನ್ನು ಮರೆಯಬಾರದು.

ತಿರುನೆಲ್ವೇಲಿಯ ಸೊಸೈಟಿ ಆರಿಸಿಕೊಂಡ ಜಾಗ ನಿಜಾಮರ ಹೈದರಾಬಾದ್ ಸಂಸ್ಥಾನದ ಡೋರ್ನಕಲ್. ನಮ್ಮ ಬೀದರ್, ಕಲಬುರಗಿ, ರಾಯಚೂರುಗಳೂ ಆಗ ಅದೇ ಸಂಸ್ಥಾನದಲ್ಲಿದ್ದವು. ರೈಲು ದಾರಿ ಕವಲೊಡೆಯುವ ಒಂದು ಸಣ್ಣ ಊರು ಡೋರ್ನಕಲ್. ಸುತ್ತ ಕಾಡು, ಜೋಳದ ಹೊಲ, ಮಾಲ–ಮಾದಿಗ ದಲಿತರ ಕೇರಿಗಳು. ಬೇರೆಯವರನ್ನು ಅಲ್ಲಿಗೆ ಕಳಿಸಿ ತಾವು ಕಚೇರಿಯಲ್ಲಿ ಕೂರುವುದು ಅಜರಯ್ಯನವರಿಗೆ ಸರಿಕಾಣಲಿಲ್ಲ. 1909ರಲ್ಲಿ ಪಾದ್ರಿತನದ ಮೊದಲ ಮೆಟ್ಟಿಲಾದ ಡೀಕನ್ ದೀಕ್ಷೆ ಪಡೆದು, 35ನೆಯ ವಯಸ್ಸಿನಲ್ಲಿ ತೆಲುಗು ಕಲಿಯುತ್ತ ಆ ಊರಿಗೇ ಹೋಗಿ ನೆಲೆಸಿದರು.

ಎಡಿನ್‌ಬರೊದಲ್ಲಿ ಆಡಿದ ಮಾತು

1910ರ ಜೂನ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ವಿಶ್ವ ಮಿಷನರಿ ಸಮ್ಮೇಳನ ನಡೆಯಿತು. ಸುಮಾರು 1200 ಪ್ರತಿನಿಧಿಗಳು. ಅವರಲ್ಲಿ ಏಷ್ಯಾದವರು ಬೆರಳೆಣಿಕೆಯಷ್ಟು. ಒಂದು ಸಂಜೆಯ ಅಧಿವೇಶನದಲ್ಲಿ ವಿದೇಶಿ ಮಿಷನರಿಗಳಿಗೂ ಸ್ಥಳೀಯ ಕೆಲಸಗಾರರಿಗೂ ನಡುವಿನ ಸಹಕಾರದ ಬಗ್ಗೆ ಮಾತನಾಡಲು ಅಜರಯ್ಯನವರನ್ನು ಕರೆದರು.

ಅವರು ಮೊದಲು ಮಿಷನರಿಗಳ ತ್ಯಾಗವನ್ನು ಮನಸಾರೆ ನೆನೆದರು. ಆಮೇಲೆ ನೇರವಾಗಿ ವಿಷಯಕ್ಕೆ ಬಂದರು. ಒಂದೇ ಕರ್ತನ ಕೆಲಸಕ್ಕೆ ನಿಂತವರು ನಾವು. ಆದರೂ ನಮ್ಮ ನಡುವೆ ಇರುವುದು ಯಜಮಾನ–ಆಳಿನ ಸಂಬಂಧ. ಸಂಬಳ ಕೊಡುವವರು ನೀವು, ಪಡೆಯುವವರು ನಾವು. ನಮ್ಮ ಮನೆಗೆ ನೀವು ಬರುವುದಿಲ್ಲ, ನಿಮ್ಮ ಊಟದ ಮೇಜಿಗೆ ನಮ್ಮನ್ನು ಕರೆಯುವುದಿಲ್ಲ. ಇದು ಅವರ ಮಾತಿನ ಸಾರ. ಕೊನೆಯಲ್ಲಿ, ನೀವು ನಿಮ್ಮ ಆಸ್ತಿಯನ್ನೂ ಜೀವವನ್ನೂ ನಮಗಾಗಿ ಕೊಟ್ಟಿದ್ದೀರಿ, ಈಗ ನಮಗೆ ಬೇಕಾಗಿರುವುದು ಪ್ರೀತಿ, ಬೇಕಾಗಿರುವುದು ಗೆಳೆಯರು ಎಂದು ಕೇಳಿಕೊಂಡರು.

ಸಭಾಂಗಣದಲ್ಲಿ ದೊಡ್ಡ ಕಸಿವಿಸಿಯೇ ಆಯಿತು. ಭಾರತದಲ್ಲಿ ದುಡಿದ ಕೆಲವು ಮಿಷನರಿಗಳು ಕೆರಳಿದರು. ಇನ್ನು ಕೆಲವರಿಗೆ ಕಣ್ಣು ತೆರೆದಂತಾಯಿತು. ಈ ಭಾಷಣವನ್ನು ಜನ ಸಾಮಾನ್ಯವಾಗಿ ವರ್ಣಭೇದದ ವಿರುದ್ಧದ ದೂರು ಎಂದು ಓದುತ್ತಾರೆ. ಅದು ದೂರು ಹೌದು. ಆದರೆ ಆ ಭೇದವನ್ನು ದುಡ್ಡು ಹೇಗೆ ಗಟ್ಟಿ ಮಾಡುತ್ತದೆ ಎಂಬುದನ್ನು ತೋರಿಸಿದ್ದರಲ್ಲಿ ಅದರ ಹೆಚ್ಚುಗಾರಿಕೆ ಇದೆ. ಯಾವಾಗಲೂ ಒಬ್ಬನೇ ಕೊಡುವವನು, ಇನ್ನೊಬ್ಬ ಕೈಚಾಚುವವನು ಎಂದಾದರೆ, ಕೊಡುವವನ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂರಲಾಗುವುದಿಲ್ಲ. ಅಜರಯ್ಯ ಊರಿಗೆ ಹಿಂತಿರುಗಿ ಮಾಡಿದ ಕೆಲಸವೆಲ್ಲ ಈ ತಿಳಿವಳಿಕೆಯಿಂದ ಹುಟ್ಟಿದ್ದು.

ಬಿಷಪ್ ಪದವಿ

ಭಾರತದಲ್ಲಿ ಆಂಗ್ಲಿಕನ್ ಬಿಷಪ್ ಪೀಠ ಶುರುವಾದದ್ದು 1814ರಲ್ಲಿ, ಕಲ್ಕತ್ತೆಯಲ್ಲಿ. ಮದರಾಸಿಗೆ 1835ರಲ್ಲಿ ಬಿಷಪ್ ಬಂದರು. ಬಿಷಪ್ಪರ ನೇಮಕ ಬ್ರಿಟಿಷ್ ರಾಜಮುದ್ರೆಗೆ ಅಂಟಿಕೊಂಡಿತ್ತು. ಹೀಗಾಗಿ ಸುಮಾರು ಒಂದು ಶತಮಾನ ಆ ಪೀಠಗಳಲ್ಲಿ ಕೂತವರೆಲ್ಲ ಬಿಳಿಯರೇ.

ಭಾರತೀಯನೊಬ್ಬನನ್ನು ಬಿಷಪ್ ಮಾಡುವ ಮಾತು ಬಂದಾಗಲೆಲ್ಲ ಆಫ್ರಿಕಾದ ಒಂದು ಕಹಿ ನೆನಪು ಅಡ್ಡ ಬರುತ್ತಿತ್ತು. ಬಾಲ್ಯದಲ್ಲಿ ಗುಲಾಮನಾಗಿ ಮಾರಾಟವಾಗಿ, ಬಿಡುಗಡೆಗೊಂಡು, ಓದಿ ಪಾದ್ರಿಯಾದ ಸ್ಯಾಮ್ಯುಯೆಲ್ ಕ್ರೌಥರ್ 1864ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಕಪ್ಪು ಬಿಷಪ್ ಆದರು. ನೈಜರ್ ನದಿಯ ಸೀಮೆಯಲ್ಲಿ ದಶಕಗಳ ಕಾಲ ದುಡಿದರು. ಕೊನೆಗಾಲದಲ್ಲಿ ಇಂಗ್ಲೆಂಡಿನಿಂದ ಬಂದ ಎಳೆಯ ಮಿಷನರಿಗಳು ಅವರ ಪಾದ್ರಿಗಳ ಮೇಲೆ ಆರೋಪ ಹೊರಿಸಿ, ಆ ಮುದುಕನ ಅಧಿಕಾರವನ್ನೇ ಕಿತ್ತುಕೊಂಡರು. 1891ರ ಕೊನೆಯ ದಿನ ಕ್ರೌಥರ್ ತೀರಿಕೊಂಡರು. ಅವರ ಜಾಗಕ್ಕೆ ಯುರೋಪಿಯನ್ನರೇ ಬಂದರು. ಅನ್ಯಾಯ ನಡೆದಿದ್ದು ಕ್ರೌಥರ್ ಅವರಿಗೆ. ಲೋಕ ಹೊತ್ತು ತಿರುಗಿದ್ದು ಮಾತ್ರ ಸ್ಥಳೀಯರಿಗೆ ಇನ್ನೂ ಯೋಗ್ಯತೆ ಬಂದಿಲ್ಲ ಎಂಬ ಪಾಠವನ್ನು.

ಈ ಗೋಡೆಯನ್ನು ಒಡೆಯಲು ಹಟ ಹಿಡಿದವರು ಮದರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್. ಬೆಂಗಳೂರಿನ ಆಂಗ್ಲಿಕನ್ ಸಭೆಗಳೂ ಆಗ ಮದರಾಸಿನ ಆಡಳಿತಕ್ಕೆ ಒಳಪಟ್ಟಿದ್ದವು. ನಮ್ಮ ಜಾನಪದ ವಿದ್ವಾಂಸರಿಗೆ ಈ ವೈಟ್‌ಹೆಡ್ ಹೊಸಬರಲ್ಲ. ದಕ್ಷಿಣ ಭಾರತದ ಗ್ರಾಮದೇವತೆಗಳ ಬಗ್ಗೆ ಅವರು ಬರೆದ ಪುಸ್ತಕದಲ್ಲಿ ಕನ್ನಡ ಸೀಮೆಯ ಆರಾಧನೆಯ ವಿವರಗಳೂ ಇವೆ. ಅಜರಯ್ಯನವರ ಹೆಸರನ್ನು ಅವರು ಮುಂದಿಟ್ಟಾಗ ಮಿಷನರಿಗಳ ವಲಯದಿಂದ ವಿರೋಧ ಬಂತು. ಭಾರತೀಯನ ಕೈಕೆಳಗೆ ಬಿಳಿಯ ಪಾದ್ರಿ ಕೆಲಸ ಮಾಡುವುದು ಹೇಗೆ ಎಂಬುದು ಅವರ ಸಂಕಟ. ಭಾರತೀಯ ಕ್ರೈಸ್ತರಲ್ಲೂ ಕೆಲವರು ಒಪ್ಪಲಿಲ್ಲ. ಜಾತಿಯ ಲೆಕ್ಕ, ಊರಿನ ಪೈಪೋಟಿ ಅಲ್ಲೂ ಇದ್ದವು. ಡೋರ್ನಕಲ್ ಬ್ರಿಟಿಷರ ನೇರ ಆಳ್ವಿಕೆಯ ನೆಲವಲ್ಲ, ನಿಜಾಮರದು ಎಂಬುದರಿಂದ ಕಾನೂನಿನ ಒಂದು ತೊಡಕು ಸಡಿಲವಾಯಿತು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅಜರಯ್ಯನವರ ಅಭಿಷೇಕ ನಡೆಯಿತು. ಅವರಿಗಾಗ 38 ವರ್ಷ.

ಮೊದಲಿಗೆ ಸಿಕ್ಕಿದ್ದು ಒಂದು ಚಿಕ್ಕ ಡಯೋಸಿಸ್, ಅಂದರೆ ಬಿಷಪ್ಪರ ಆಡಳಿತದ ಪ್ರಾಂತ್ಯ. ಮುಂದಿನ ವರ್ಷಗಳಲ್ಲಿ ಕೃಷ್ಣಾ, ಗೋದಾವರಿ ಸೀಮೆಯ ಹಳೆಯ, ದೊಡ್ಡ ಸಭೆಗಳೂ ಅದಕ್ಕೆ ಸೇರಿದವು. ಇಂಗ್ಲಿಷ್ ಮಿಷನರಿಗಳು ಭಾರತೀಯ ಬಿಷಪ್ಪರ ಕೆಳಗೆ ಕೆಲಸ ಮಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. 1920ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1929ರಿಂದ ಅವರು ಭಾರತದ ರಾಷ್ಟ್ರೀಯ ಕ್ರೈಸ್ತ ಪರಿಷತ್ತಿನ ಅಧ್ಯಕ್ಷರಾಗಿದ್ದರು. ಆದರೂ ಅವರು ಬದುಕಿದ್ದಷ್ಟು ಕಾಲ ಸ್ವತಂತ್ರ ಡಯೋಸಿಸ್ ಒಂದರ ಹೊಣೆ ಹೊತ್ತ ಭಾರತೀಯ ಆಂಗ್ಲಿಕನ್ ಬಿಷಪ್ ಅವರೊಬ್ಬರೇ. ಬಾಗಿಲು ಒಬ್ಬರಿಗೆ ತೆರೆಯಿತು, ಉಳಿದವರಿಗೆ ಬಹಳ ಕಾಲ ತೆರೆಯಲಿಲ್ಲ. ಮೊದಲಿಗರನ್ನು ಕೊಂಡಾಡುವಾಗ ಈ ಮಾತನ್ನೂ ಹೇಳಬೇಕು.

ಡೋರ್ನಕಲ್ಲಿನ ಕೆಲಸ

ಡೋರ್ನಕಲ್ಲಿನ ಸಭೆಗೆ ಬಂದವರಲ್ಲಿ ಹೆಚ್ಚಿನವರು ಮಾಲರು ಮತ್ತು ಮಾದಿಗರು. ಒಬ್ಬೊಬ್ಬರಾಗಿ ಬಂದವರಲ್ಲ, ಮನೆಮಂದಿ, ಕೇರಿ ಸಮೇತ ಬಂದವರು. ಊರ ಬಾವಿಯ ನೀರು ಮುಟ್ಟುವಂತಿಲ್ಲ, ಅಕ್ಷರ ಗೊತ್ತಿಲ್ಲ, ಸಾಲ ತೀರುವುದಿಲ್ಲ. ಕೊಳೆ, ರೋಗ, ಸಾಲ, ಕುಡಿತ ಈ ನಾಲ್ಕನ್ನೂ ಅಜರಯ್ಯ ಪಿಶಾಚಿಗಳೆಂದು ಕರೆದು, ದೀಕ್ಷಾಸ್ನಾನಕ್ಕೆ ನಿಂತವರು ಇವುಗಳ ವಿರುದ್ಧವೂ ನಿಲ್ಲಬೇಕೆಂದು ಬೋಧಿಸಿದರು. ಹಳ್ಳಿಗೊಬ್ಬ ಉಪಾಧ್ಯಾಯನನ್ನು ತಯಾರು ಮಾಡುವುದು ಅವರ ಮುಖ್ಯ ಕಾರ್ಯಕ್ರಮ. ಅವನು ಹಗಲು ಮಕ್ಕಳಿಗೆ ಅಕ್ಷರ ಕಲಿಸುತ್ತಾನೆ, ರಾತ್ರಿ ಕೆಲಸದಿಂದ ಬಂದ ದೊಡ್ಡವರನ್ನು ಕೂರಿಸಿಕೊಂಡು ಪ್ರಾರ್ಥನೆ ನಡೆಸುತ್ತಾನೆ. ಡೋರ್ನಕಲ್ಲಿಗೆ ತರಬೇತಿಗೆ ಬಂದವರು ಸಂಸಾರ ಸಮೇತ ಬಂದು ಇರುತ್ತಿದ್ದರು. ಹೆಂಡತಿಯರಿಗೂ ಪಾಠ ನಡೆಯುತ್ತಿತ್ತು. ಕೇರಿಯ ಹೆಣ್ಣುಮಕ್ಕಳ ನಡುವೆ ಕೆಲಸ ಮಾಡಬೇಕಾದವರು ಅವರೇ ಎಂಬುದು ಅಜರಯ್ಯ ದಂಪತಿಗೆ ಚೆನ್ನಾಗಿ ಗೊತ್ತಿತ್ತು. ಅಜರಯ್ಯನವರ ಕಾಲದಲ್ಲೇ ಡಯೋಸಿಸ್‌ನ ಕ್ರೈಸ್ತರ ಸಂಖ್ಯೆ ಎರಡು ಲಕ್ಷ ದಾಟಿತು.

ಬಿಷಪ್ಪರ ಹಳ್ಳಿ ಭೇಟಿಯ ಒಂದು ರೂಢಿಯನ್ನು ಹೇಳಬೇಕು. ಆರಾಧನೆಗೆ ಸೇರಿದವರಲ್ಲಿ ದೀಕ್ಷಾಸ್ನಾನವಾದವರೆಲ್ಲ ತಮ್ಮ ಕೈಯನ್ನು ತಮ್ಮ ತಲೆಯ ಮೇಲೆ ಇಟ್ಟುಕೊಳ್ಳಬೇಕೆಂದು ಅವರು ಹೇಳುತ್ತಿದ್ದರು. ದೀಕ್ಷಾಸ್ನಾನದ ನೀರು ಬಿದ್ದ ಜಾಗ ಅದು. ಹಾಗೆ ಕೈಯಿಟ್ಟುಕೊಂಡೇ, ನಾನು ದೀಕ್ಷಾಸ್ನಾನ ಪಡೆದ ಕ್ರೈಸ್ತ, ಸುವಾರ್ತೆಯನ್ನು ಸಾರದೆ ಇದ್ದರೆ ನನ್ನ ಗತಿಯೇನು ಎಂಬ ಅರ್ಥದ ಮಾತನ್ನು ತಮ್ಮ ಹಿಂದೆ ಹೇಳಿಸುತ್ತಿದ್ದರು. ಅಲ್ಲಿದ್ದವರು ಯಾರು? ಹೊಲದ ಆಳುಗಳು, ಚರ್ಮ ಹದ ಮಾಡುವವರು, ಹೆಸರು ಬರೆಯಲು ಬಾರದ ಮುದುಕಿಯರು. ಇನ್ನೊಬ್ಬರಿಗೆ ಹೇಳಲು ನಿನ್ನ ಬಳಿ ಏನೋ ಇದೆ ಎಂದು ಅವರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ತನ್ನ ತಲೆಯನ್ನು ತಾನೇ ಮುಟ್ಟಿಕೊಂಡು ಆ ಮಾತು ಆಡಿದ ಕೂಲಿಕಾರ ಪಾದ್ರಿಗೆ ಸಮಾನನಾಗಿ ನಿಲ್ಲುತ್ತಾನೆ.

ಕಾಣಿಕೆಯ ವಿಷಯದಲ್ಲೂ ಹೀಗೆಯೇ. ಬಡವರಿಂದ ಕೇಳಬಾರದು ಎಂಬ ಕನಿಕರದ ವಾದವನ್ನು ಅಜರಯ್ಯ ಒಪ್ಪಲಿಲ್ಲ. ಕ್ರೈಸ್ತ ಕಾಣಿಕೆಯ ಕುರಿತು ಒಂದು ಪುಸ್ತಕವನ್ನೇ ಬರೆದರು. ದಿನದ ಅಡುಗೆಗೆ ಇಟ್ಟದ್ದರಲ್ಲಿ ಒಂದು ಹಿಡಿ ಅಕ್ಕಿಯೋ ಜೋಳವೋ ತೆಗೆದಿಡುವುದನ್ನು ಹೆಂಗಸರಿಗೆ ರೂಢಿ ಮಾಡಿಸಿದರು. ಹಿಡಿ ಅಕ್ಕಿಯ ಈ ಪದ್ಧತಿ ನಮ್ಮ ನಾಡಿನ ಮಠ–ಮನೆಗಳಿಗೂ ಪರಿಚಿತವಾದದ್ದೇ. ಸುಗ್ಗಿಯ ಹಬ್ಬದಲ್ಲಿ ಧಾನ್ಯ, ಕೋಳಿ, ಮೊಟ್ಟೆ, ತರಕಾರಿ ಬಲಿಪೀಠದ ಮುಂದೆ ರಾಶಿಯಾಗಿ ಬೀಳುತ್ತಿದ್ದವು. ಕರ್ನಾಟಕದಲ್ಲಿ ಸಿಎಸ್‌ಐಗೆ (ದಕ್ಷಿಣ ಭಾರತ ಸಭೆಗೆ) ಸೇರಿದ ಸಭೆಗಳಲ್ಲಿ ಇಂದಿಗೂ ಬೆಳೆ ಹಬ್ಬದ ದಿನ ಕುಂಬಳಕಾಯಿ, ಬಾಳೆಗೊನೆಗಳು ಹರಾಜಾಗುವುದನ್ನು ಕಂಡವರಿಗೆ ಆ ಸಂಭ್ರಮದ ಅಂದಾಜು ಸಿಗುತ್ತದೆ. ಜೀತದ ಕಾಳು ಪಡೆದು ಬದುಕುತ್ತಿದ್ದ ಕುಟುಂಬ ವರ್ಷಕ್ಕೊಮ್ಮೆ ಹೊಸ ಬಟ್ಟೆ ಉಟ್ಟು ಕೊಡಲು ಬಂದು ನಿಲ್ಲುವುದು ಸಣ್ಣ ಸಂಗತಿಯಲ್ಲ.

ಹಾಡು, ಕೋಲಾಟ, ಕಥನ, ಮೆರವಣಿಗೆಗಳನ್ನು ಅಜರಯ್ಯ ಆರಾಧನೆಯೊಳಗೆ ತಂದರು. ಡೋರ್ನಕಲ್ಲಿನ ಎಪಿಫನಿ ಕ್ಯಾಥೆಡ್ರಲ್ ಅವರ ಈ ಮನೋಧರ್ಮವನ್ನು ಕಲ್ಲಿನಲ್ಲಿ ತೋರಿಸುತ್ತದೆ. ಇಂಗ್ಲೆಂಡಿನ ಚೂಪು ಗೋಪುರ ಅಲ್ಲಿಲ್ಲ. ಗುಮ್ಮಟ, ಮಿನಾರುಗಳಿವೆ, ದೇವಸ್ಥಾನದ ಮಂಟಪದಂಥ ಕಂಬಗಳಿವೆ, ಕೆತ್ತನೆಯಲ್ಲಿ ಶಿಲುಬೆಯ ಜತೆ ತಾವರೆ ಅರಳಿದೆ. ಹಣ ಕೂಡಿಬಂದ ಹಾಗೆ ವರ್ಷಾನುಗಟ್ಟಲೆ ಕಟ್ಟಿ, 1939ರ ಜನವರಿ 6ರಂದು ಅದನ್ನು ಪ್ರತಿಷ್ಠಾಪಿಸಿದರು. ಮೂಡಣ ದೇಶದ ಜೋಯಿಸರು ಕೂಸು ಯೇಸುವಿಗೆ ಕಾಣಿಕೆ ಅರ್ಪಿಸಿದ್ದನ್ನು ನೆನೆಯುವ ಎಪಿಫನಿ ಹಬ್ಬದ ದಿನ ಅದು. ಮೂಡಣದವರು ಕೊಡಲು ಬಂದವರು ಎಂಬ ಅರ್ಥ ಆ ಹಬ್ಬದಲ್ಲೇ ಇದೆ.

ಕೊರತೆಗಳನ್ನು ಮುಚ್ಚಿಟ್ಟರೆ ಈ ಉಪನ್ಯಾಸಕ್ಕೆ ಬೆಲೆಯಿಲ್ಲ. ಮಾಲ–ಮಾದಿಗ ಭೇದ ಸಭೆಯೊಳಗೂ ಬಂದು ಕೂತಿತು. ಬಿಷಪ್ಪರ ಬೋಧನೆಯಿಂದ ಅದು ಪೂರ್ತಿ ಅಳಿಯಲಿಲ್ಲ. ಆಸ್ಪತ್ರೆ, ದೊಡ್ಡ ಶಾಲೆಗಳಿಗೆ ವಿದೇಶದ ಹಣದ ಆಸರೆ ತಪ್ಪಲಿಲ್ಲ. ಅವರ ಆಡಳಿತದಲ್ಲಿ ಮನೆಯ ಯಜಮಾನನ ಬಿಗಿಯಿತ್ತು. ಅವರು ಹಿಡಿದ ದಾರಿ ಸರಿಯಾಗಿತ್ತು, ಆದರೆ ಒಂದು ಆಯುಷ್ಯದಲ್ಲಿ ಮುಗಿಯುವಂಥದ್ದಾಗಿರಲಿಲ್ಲ.

ಗಾಂಧೀಜಿ ಮತ್ತು ಪ್ರತ್ಯೇಕ ಮತಕ್ಷೇತ್ರ

1930ರ ದಶಕದಲ್ಲಿ ಅಜರಯ್ಯ ಎರಡು ದೊಡ್ಡ ವಾದಗಳ ನಡುವೆ ನಿಂತರು. ಒಂದು, ಧರ್ಮದ ಆಧಾರದ ಮೇಲೆ ಪ್ರತ್ಯೇಕ ಮತಕ್ಷೇತ್ರ, ಅಂದರೆ ಒಂದು ಕೋಮಿನ ಪ್ರತಿನಿಧಿಯನ್ನು ಆ ಕೋಮಿನವರೇ ಆರಿಸುವ ಏರ್ಪಾಡು. 1932ರಲ್ಲಿ ಬ್ರಿಟಿಷ್ ಸರ್ಕಾರ ಹೊರಡಿಸಿದ ಕೋಮುವಾರು ತೀರ್ಪು ಭಾರತೀಯ ಕ್ರೈಸ್ತರಿಗೂ ಆ ಸೌಲಭ್ಯ ಕೊಟ್ಟಿತು. ಅಜರಯ್ಯ ಅದನ್ನು ವಿರೋಧಿಸಿದರು. ಸಭೆ ಎಲ್ಲ ಜಾತಿ, ಎಲ್ಲ ಭಾಷೆಯವರಿಗೆ ತೆರೆದಿರಬೇಕಾದದ್ದು. ಅದು ಸ್ಥಾನಮಾನಕ್ಕಾಗಿ ಸರ್ಕಾರದ ಮುಂದೆ ನಿಲ್ಲುವ ಒಂದು ಕೋಮು ಆಗಿಬಿಟ್ಟರೆ ಅದರ ಆತ್ಮವೇ ಹೋಗುತ್ತದೆ ಎಂಬುದು ಅವರ ನಿಲುವು. ಈ ವಿಷಯದಲ್ಲಿ ಅವರೂ ರಾಷ್ಟ್ರೀಯವಾದಿಗಳೂ ಒಂದೇ ಕಡೆ ಇದ್ದರು.

ಇನ್ನೊಂದು, ದಲಿತರ ಮತಾಂತರ. 1935ರಲ್ಲಿ ಡಾ. ಅಂಬೇಡ್ಕರ್ ತಾವು ಹಿಂದುವಾಗಿ ಸಾಯುವುದಿಲ್ಲ ಎಂದು ಯೇವಲೆಯಲ್ಲಿ ಘೋಷಿಸಿದ ಮೇಲೆ ಈ ಪ್ರಶ್ನೆ ದೇಶದ ತುಂಬ ಹಬ್ಬಿತು. ಗಾಂಧೀಜಿ ತಮ್ಮ ಹರಿಜನ ಪತ್ರಿಕೆಯಲ್ಲಿ ಸಾಮೂಹಿಕ ಮತಾಂತರವನ್ನು ಕಟುವಾಗಿ ಟೀಕಿಸಿದರು. ಒಂದು ಧರ್ಮಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ತೂಗಿ ನೋಡುವ ಸ್ಥಿತಿಯಲ್ಲಿ ಆ ಜನ ಇಲ್ಲ, ಅವರ ಅಸಹಾಯಕತೆಯನ್ನು ಮಿಷನರಿಗಳು ಬಳಸಿಕೊಳ್ಳುತ್ತಿದ್ದಾರೆ ಎಂಬುದು ಅವರ ಆಕ್ಷೇಪ. ಅದರಲ್ಲಿ ಹುರುಳಿಲ್ಲವೆನ್ನಲಾಗದು, ಆಸೆ ತೋರಿಸಿ ಜನರನ್ನು ಸೇರಿಸಿಕೊಂಡ ಕಡೆಗಳೂ ಇದ್ದವು. ಆದರೆ ಅಜರಯ್ಯ ಕಂಡ ದಲಿತ ಬೇರೆ. ಅವನಿಗೂ ಬುದ್ಧಿ ಇದೆ, ಮನಸ್ಸಾಕ್ಷಿ ಇದೆ, ತನ್ನ ಹೆಂಡತಿ ಮಕ್ಕಳ ಬದುಕಿಗೆ ಯಾವುದು ಒಳಿತು ಎಂದು ಆರಿಸುವ ಹಕ್ಕಿದೆ. ಅವನ ಪರವಾಗಿ ಮೇಲಿನವರು ತೀರ್ಮಾನ ಮಾಡುವುದಾದರೆ, ಅದು ಮಿಷನರಿಯ ತೀರ್ಮಾನವಾಗಲಿ, ಸುಧಾರಕನ ತೀರ್ಮಾನವಾಗಲಿ, ಅವನು ಮತ್ತೆ ಪಡೆಯುವವನ ಜಾಗದಲ್ಲೇ ಉಳಿಯುತ್ತಾನೆ. ನಾನು ಗಾಂಧೀಜಿಯವರನ್ನು ಅಪಾರವಾಗಿ ಗೌರವಿಸುವವನು. ಆದರೂ ಈ ಒಂದು ಪ್ರಶ್ನೆಯಲ್ಲಿ ಡೋರ್ನಕಲ್ಲಿನ ಬಿಷಪ್ಪರು ಬಡವನನ್ನು ಹೆಚ್ಚು ನಂಬಿದ್ದರು ಎಂದೇ ನನ್ನ ಅಭಿಪ್ರಾಯ.

ಒಂದಾದ ಸಭೆ

ಅಜರಯ್ಯನವರ ಇನ್ನೊಂದು ದೊಡ್ಡ ಕೆಲಸ ಕರ್ನಾಟಕವನ್ನು ನೇರವಾಗಿ ಮುಟ್ಟುತ್ತದೆ. ಇಂಗ್ಲೆಂಡಿನಲ್ಲಿ, ಸ್ಕಾಟ್ಲೆಂಡಿನಲ್ಲಿ, ಅಮೆರಿಕದಲ್ಲಿ ಎಂದೋ ನಡೆದ ಜಗಳಗಳಿಂದ ಹುಟ್ಟಿದ ಪಂಗಡಗಳನ್ನು ನಮ್ಮ ಹಳ್ಳಿಯ ಕ್ರೈಸ್ತ ಯಾಕೆ ಹೊರಬೇಕು ಎಂಬುದು ಅವರ ಪ್ರಶ್ನೆ. 1919ರ ಮೇ ತಿಂಗಳ ಮೊದಲಿಗೆ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳ ಒಂದು ಕೂಟ ಸಭೆಗಳು ಒಂದಾಗಬೇಕೆಂಬ ಹೇಳಿಕೆ ಹೊರಡಿಸಿತು. ಅಲ್ಲಿ ಸೇರಿದ್ದವರಲ್ಲಿ ಬಹುತೇಕರು ಭಾರತೀಯರು, ಮುಂದಾಳು ಅಜರಯ್ಯ.

ದಾರಿ ಸುಲಭದ್ದಾಗಿರಲಿಲ್ಲ. ಆಂಗ್ಲಿಕನ್ನರಲ್ಲಿ ಪಾದ್ರಿಗೆ ದೀಕ್ಷೆ ಕೊಡುವ ಅಧಿಕಾರ ಬಿಷಪ್ಪರದು ಮಾತ್ರ. ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳಲ್ಲಿ ಬಿಷಪ್ಪರೇ ಇಲ್ಲ. ಹಾಗಾದರೆ ಬಿಷಪ್ಪರ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಒಪ್ಪುವುದು ಹೇಗೆ? ಈ ಒಂದು ಗಂಟು ಬಿಡಿಸಲು ದಶಕಗಳೇ ಹಿಡಿದವು. ಇಂಗ್ಲೆಂಡಿನ ಸಂಪ್ರದಾಯಸ್ಥರು ಕೊನೆಯವರೆಗೂ ಅಡ್ಡಿ ಹೇಳಿದರು. ಈಗಿರುವ ಪಾದ್ರಿಗಳನ್ನೆಲ್ಲ ಇದ್ದಂತೆಯೇ ಒಪ್ಪುವುದು, ಮುಂದಿನ ದೀಕ್ಷೆಗಳು ಬಿಷಪ್ಪರ ಕೈಯಿಂದ ಆಗುವುದು ಎಂಬ ತಳಪಾಯದ ಮೇಲೆ ಒಪ್ಪಂದ ಕುದುರಿತು. ಯಾರನ್ನೂ ಕೀಳು ಮಾಡದೆ ಒಂದಾಗುವ ಈ ಸೂತ್ರ ಅಜರಯ್ಯನವರ ಸ್ವಭಾವಕ್ಕೆ ಒಪ್ಪುವಂಥದ್ದು.

ಆ ಐಕ್ಯವನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗಿರಲಿಲ್ಲ. ಪ್ರವಾಸದ ದಣಿವಿನ ಜತೆ ಜ್ವರ ಹತ್ತಿ, 1945ರ ಜನವರಿ 1ರಂದು ಡೋರ್ನಕಲ್ಲಿನಲ್ಲಿ ತೀರಿಕೊಂಡರು. ಸ್ವಾತಂತ್ರ್ಯ ಬಂದ ಆರು ವಾರಗಳಿಗೆ, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಅಸ್ತಿತ್ವಕ್ಕೆ ಬಂತು. ಮೈಸೂರು ಅದರ ಮೊದಲ ಡಯೋಸಿಸ್‌ಗಳಲ್ಲಿ ಒಂದು. ಇಂದು ಬೆಂಗಳೂರು, ಮಂಗಳೂರು, ಧಾರವಾಡಗಳಲ್ಲಿ ಕೇಂದ್ರಗಳಿರುವ ಸಿಎಸ್‌ಐ ಡಯೋಸಿಸ್‌ಗಳಲ್ಲಿ ಕನ್ನಡದಲ್ಲಿ ಪ್ರಾರ್ಥಿಸುವ ಕುಟುಂಬಗಳು ಈ ಐಕ್ಯದ ಫಲವನ್ನು ಉಣ್ಣುತ್ತಿವೆ.

ನಮಗೆ ಉಳಿದಿರುವ ಪ್ರಶ್ನೆ

ಮಿತ್ರರೇ, ಅಜರಯ್ಯನವರ ಬದುಕು ಕ್ರೈಸ್ತರಿಗೆ ಮಾತ್ರ ಸಂಬಂಧಿಸಿದ್ದಲ್ಲ. ನಮ್ಮ ಮಠಗಳು, ಟ್ರಸ್ಟುಗಳು, ಸ್ವಯಂಸೇವಾ ಸಂಸ್ಥೆಗಳು, ಸರ್ಕಾರದ ಇಲಾಖೆಗಳು ಎಲ್ಲವೂ ಕೊಡುವ ಕೆಲಸದಲ್ಲೇ ಇವೆ. ಅನ್ನ, ಅಕ್ಷರ, ಔಷಧ ಕೊಡುತ್ತಿವೆ. ಅದೆಲ್ಲ ಬೇಕಾದದ್ದೇ. ಆದರೆ ಪಡೆಯುವವರನ್ನು ನಾವು ಎಂದಾದರೂ ನಿಮ್ಮ ಬಳಿ ಕೊಡಲು ಏನಿದೆ ಎಂದು ಕೇಳಿದ್ದೇವೆಯೇ? ತೀರ್ಮಾನ ಮಾಡುವ ಕುರ್ಚಿಯಲ್ಲಿ ಅವರನ್ನು ಕೂರಿಸಿದ್ದೇವೆಯೇ? ಎಡಿನ್‌ಬರೊದಲ್ಲಿ ಅಜರಯ್ಯ ಎತ್ತಿದ ಪ್ರಶ್ನೆಗೆ ಬಿಳಿಯರು ಮಾತ್ರ ಉತ್ತರ ಕೊಡಬೇಕಾಗಿಲ್ಲ. ಫಲಾನುಭವಿಗಳ ಪಟ್ಟಿ ಕೈಯಲ್ಲಿ ಹಿಡಿದ ಪ್ರತಿಯೊಬ್ಬರೂ, ನಾನೂ ಸೇರಿದಂತೆ, ಅದಕ್ಕೆ ಉತ್ತರ ಕೊಡಬೇಕು.

ತಾವು ಬೇಡಿದ ಸಮಾನತೆಯನ್ನು ತಮ್ಮ ಕೈಕೆಳಗಿನವರಿಗೆ ಕೊಡಲು ಅಜರಯ್ಯ ಜೀವನಪೂರ್ತಿ ದುಡಿದರು. ಅವರ ಹಿರಿಮೆಯನ್ನು ಅಳೆಯಬೇಕಾದ ಅಳತೆ ಇದೇ.